ಅನಾಮಧೇಯ ವೆಂಡೆಲ್ ಮತ್ತು ಹೆಬ್ಬಾತಿನ ರೇನ್‌ಕೋಟು

"ತಲೆ ನೆಟ್ಟಗಿದ್ಯಾ ನಿಂಗೆ? ತೆರಿಗೆ ಆಫೀಸಿಗೆ ಯಾವನಾದ್ರೂ ಹೆಬ್ಬಾತಿನ ರೇನ್‌ಕೋಟು ಕಳಿಸ್ತಾನಾ?"

"ಹೆಸರು ಬರೆದಿಲ್ಲ ಕಣೇ ಆರ್ಲೀನ್. ಡಬ್ಬಿ ಮೇಲೆ ಹೆಸರೂ ಇಲ್ಲ, ಊರೂ ಇಲ್ಲ. ಅಂಚೆ ಮುದ್ರೇಲಿ ನಮ್ಮೂರು ಬರಬಾರದು ಅಂತ ಎರಡು ಕೌಂಟಿ ದಾಟಿ ಹೋಗಿ ಹಾಕಿ ಬಂದಿದೀನಿ."

"ಡಬ್ಬಿ ಮೇಲೆ ಇಲ್ಲ. ಕೋಟಿನ ಕಾಲರಿನ ಒಳಗಡೆ? ಅಲ್ಲಿ ನಾನು ಏನು ಹೊಲೀತೀನಿ? ಮದುವೆಯಾದಾಗಿಂದ ಏನು ಹೊಲೀತಾ ಬಂದಿದೀನಿ? ಬಾಯಿ ಬಿಡು."

ವೆಂಡೆಲ್ ಚಾವಣಿ ನೋಡಿದ. ಹೊಲಿಗೆ ಯಂತ್ರ ನೋಡಿದ. ಕಡೆಗೆ ನನ್ನನ್ನು ನೋಡಿದ. ನಾನು ಮುಖ ತಿರುಗಿಸಿದೆ.

"ಪಟ್ಟಿ," ಅಂದ.

"ಪಟ್ಟಿ ಮೇಲೆ ಏನಿರುತ್ತೆ?"

"ಶ್ರೋಕ್ ಹೆಬ್ಬಾತು ಉಡುಪು, ಟಿಲ್ಟನ್ ಫೆರಿ, ಒಹಾಯೊ." ಸಮಾಧಾನ ಹೇಳುವವನ ಹಾಗೆ ಸೇರಿಸಿದ. "ಆದ್ರೆ ಅಕ್ಷರ ತುಂಬಾ ಚಿಕ್ಕದು ಕಣೇ."

ಆರ್ಲೀನ್ ಕೈಗೆ ಸಿಕ್ಕಿದ ಸೂಜಿದಿಂಬನ್ನು ಎಸೆದಳು. ಅದು ಗಂಡನಿಗೆ ಬೀಳಲಿಲ್ಲ, ನನಗೆ ಬಿತ್ತು. ಆರ್ಲೀನ್ ನನ್ನ ಅಕ್ಕ. ವೆಂಡೆಲ್ ಶ್ರೋಕ್ ನನ್ನ ಭಾವ. ಈ ಮನೆಯಲ್ಲಿ ಯಾರು ಯಾರಿಗೆ ಏನೇ ಎಸೆದರೂ ಅದು ಕ್ಲೀಟಸ್ ಎನ್ನುವ ನನಗೇ ಬೀಳುವುದು ವಾಡಿಕೆ.

ನಮ್ಮ ಕಡೆ ಮನೆ ಮುಂದಿನ ಮೆಟ್ಟಿಲ ಮೇಲೆ ಒಂದು ಸಿಮೆಂಟಿನ ಹೆಬ್ಬಾತು ನಿಂತಿರಬೇಕು. ಅದು ಬರೀ ಮೈಯಲ್ಲಿ ನಿಂತಿದ್ದರೆ ಆ ಮನೆಯವರಿಗೆ ಏನೋ ತೊಂದರೆಯಾಗಿದೆ ಎಂದು ಅರ್ಥ. ಪಕ್ಕದ ಮನೆಯವರು ಬಿಸಿ ಅಡುಗೆ ತಟ್ಟೆಗೆ ಮುಚ್ಚಳ ಹಾಕಿಕೊಂಡು ವಿಚಾರಿಸಲು ಬರುತ್ತಾರೆ. ಹಾಗಾಗಿ ಹೆಬ್ಬಾತಿಗೆ ಮಳೆಗಾಲಕ್ಕೆ ರೇನ್‌ಕೋಟು, ಚಳಿಗೆ ಉಣ್ಣೆ ಶಾಲು, ಫುಟ್‌ಬಾಲ್ ಪಂದ್ಯದ ದಿನ ಶಾಲೆಯ ಬಣ್ಣದ ಬನಿಯನ್. ಈ ಬಟ್ಟೆಗಳನ್ನೆಲ್ಲ ಹೊಲಿಯುವವಳು ನನ್ನ ಅಕ್ಕ, ಮನೆಯ ಹಿಂದಿನ ಶೆಡ್ಡಿನಲ್ಲಿ, ಊರಿನ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು. ಮಾರುವವನು ವೆಂಡೆಲ್. ವ್ಯಾಪಾರ ಅವನ ಹೆಸರಿನಲ್ಲಿತ್ತು. ಯಾಕೆಂದರೆ ಅಂಗಡಿ ಹಾಕಿದ ದಿನ ಆರ್ಲೀನ್ ಹೊಲಿಯುತ್ತಿದ್ದಳು, ಕಚೇರಿಗೆ ಹೋಗುವಷ್ಟು ಬಿಡುವಿದ್ದವನು ವೆಂಡೆಲ್ ಒಬ್ಬನೇ.

ಒಹಾಯೊ ನದಿಯ ಈ ದಡ ನಮ್ಮದು. ಆ ದಡ ಬೇರೆ ರಾಜ್ಯ. ಅಲ್ಲಿಯೂ ಮೆಟ್ಟಿಲು, ಅಲ್ಲಿಯೂ ಹೆಬ್ಬಾತು. ವೆಂಡೆಲ್ ಆ ಕಡೆ ತನ್ನ ತಂಗಿಯ ಗ್ಯಾರೇಜಿನಲ್ಲಿ ಸರಕು ಪೇರಿಸಿಟ್ಟು ವರ್ಷಗಟ್ಟಲೆ ಮಾರಿದ. ಆ ರಾಜ್ಯಕ್ಕೆ ಒಂದು ಬಿಡಿಗಾಸು ಮಾರಾಟ ತೆರಿಗೆ ಕೊಡಲಿಲ್ಲ. ಅವನೇನೂ ಕಳ್ಳನಲ್ಲ. ಕಳ್ಳನಾಗಲು ಬೇಕಾದ ಲೆಕ್ಕಾಚಾರ ಅವನ ತಲೆಯಲ್ಲಿಲ್ಲ.

ಈ ವರ್ಷ ಲೆಕ್ಕಪತ್ರ ನೋಡುವ ಬರ್ನಡೀನ್ ಕಾಸ್ ಕನ್ನಡಕ ಮೇಲೆತ್ತಿ ಕೇಳಿದ್ದೇ ಇಷ್ಟಕ್ಕೆಲ್ಲ ಮೂಲ. "ವೆಂಡೆಲ್, ನದಿಯಾಚೆ ಮಾರಿದ್ದಕ್ಕೆ ತೆರಿಗೆ ಯಾಕೆ ಕಟ್ಟಿಲ್ಲ?"

"ಬಟ್ಟೆಗೆ ತೆರಿಗೆ ಇಲ್ಲ ಅಂತ ನಮ್ಮ ಚಿಕ್ಕಪ್ಪ ಹೇಳಿದ್ದ."

"ನಿಮ್ಮ ಚಿಕ್ಕಪ್ಪ ಇದ್ದಿದ್ದು ಎಲ್ಲಿ?"

"ಪೆನ್ಸಿಲ್ವೇನಿಯಾದಲ್ಲಿ."

"ಅಲ್ಲಿ ಇಲ್ಲ. ಅದೂ ಮನುಷ್ಯರು ಹಾಕೋ ಬಟ್ಟೆಗೆ." ಬರ್ನಡೀನ್ ಕನ್ನಡಕ ಇಳಿಸಿದಳು. "ನಿನ್ನ ಸರಕು ಅವರ ನೆಲದ ಮೇಲೆ ಕೂತಿದೆ. ಅಲ್ಲಿಗೆ ನೀನು ಅವರ ವ್ಯಾಪಾರಿ. ಅವರು ಬಂದು ನಿನ್ನ ಹಿಡಿದ್ರು ಅಂತಿಟ್ಕೋ, ನೀನು ಮಾರಿದ ಮೊದಲನೇ ಅಂಗಿಯಿಂದ ಲೆಕ್ಕ ಹಾಕ್ತಾರೆ. ಬಡ್ಡಿ, ಅದರ ಮೇಲೆ ದಂಡ. ಶೆಡ್ಡೂ ಹೋಗುತ್ತೆ, ಅದರ ಮುಂದಿರೋ ಮನೇನೂ ಹೋಗುತ್ತೆ."

ಆರ್ಲೀನ್ ಕುರ್ಚಿಯ ಕೈ ಹಿಡಿದುಕೊಂಡಳು.

"ಆದ್ರೆ ನೀನೇ ಮುಂದೆ ಹೋಗಿ ಹೇಳಿಕೊಂಡೆ ಅಂದ್ರೆ ದಾರಿ ಬೇರೆ," ಅಂದಳು ಬರ್ನಡೀನ್. "ನಾನು ಅವರಿಗೆ ಫೋನ್ ಮಾಡ್ತೀನಿ. ನನ್ನ ಹತ್ರ ಒಬ್ಬ ಬಟ್ಟೆ ವ್ಯಾಪಾರಿ ಇದಾನೆ, ಹೆಸರು ಹೇಳಲ್ಲ, ತಾನಾಗೇ ತಪ್ಪು ಒಪ್ಪಿಕೊಂಡು ಬಂದಿದಾನೆ ಅಂತೀನಿ. ಅವರು ಈಚಿನ ಕೆಲವು ವರ್ಷದ್ದು ಮಾತ್ರ ಕೇಳ್ತಾರೆ. ದಂಡ ಬಿಡ್ತಾರೆ. ಒಪ್ಪಂದದ ಮಾತು ಮುಗಿದ ಮೇಲೆ ಹೆಸರು ಬರೆದು ಸಹಿ. ಅಲ್ಲಿಯವರೆಗೆ ನೀನು ಅನಾಮಧೇಯ ತೆರಿಗೆದಾರ. ಅಷ್ಟರೊಳಗೆ ಅವರಿಗೆ ನೀನ್ಯಾರು ಅಂತ ಗೊತ್ತಾಯ್ತೋ, ಬಾಗಿಲು ಮುಚ್ಚಿತು. ನೀನು ಮಾಡಬೇಕಾಗಿರೋದು ಒಂದೇ ಕೆಲಸ. ಸುಮ್ಮನಿರೋದು."

ನನ್ನ ಭಾವನಿಗೆ ಜಗತ್ತಿನಲ್ಲಿ ಬಾರದ ಕೆಲಸ ಅದೊಂದೇ.

ಹೊರಗೆ ಬಂದು ನಾವು ಮೂವರೂ ಟ್ರಕ್ಕಿನಲ್ಲಿ ಕೂತ ಮೇಲೂ ವೆಂಡೆಲ್ ಚಾವಿ ತಿರುಗಿಸಲಿಲ್ಲ. ಸ್ಟಿಯರಿಂಗ್ ಹಿಡಿದು ನದಿಯಾಚೆಯ ಗುಡ್ಡಗಳನ್ನೇ ನೋಡುತ್ತಿದ್ದ. "ಕ್ಲೀಟಸ್, ನೋಡು," ಅಂದ. "ಅಷ್ಟು ದೊಡ್ಡ ರಾಜ್ಯ. ಗವರ್ನರ್ ಇದಾರೆ, ಪೊಲೀಸ್ ಇದಾರೆ, ಜೈಲಿದೆ. ಅವರೆಲ್ಲ ಕೂತ್ಕೊಂಡು ಒಬ್ಬ ಮನುಷ್ಯನ ಬಗ್ಗೆ ಮಾತಾಡ್ತಾರೆ. ಅವನ್ಯಾರು ಅಂತ ಕೇಳಲ್ಲ. ಕೇಳಬಹುದು, ಆದ್ರೆ ಕೇಳಲ್ಲ."

ನಾನು ಸೈಲೆನ್ಸರ್ ರಿಪೇರಿ ಮಾಡುವವನು. ದುಡ್ಡು ಬಾಕಿ ಇಟ್ಟವನ ಹೆಸರನ್ನು ಅಂಗಡಿಯ ಬಾಗಿಲಿಗೆ ಸುಣ್ಣದಲ್ಲಿ ಬರೆಯುವವನು. ಆದರೆ ಅವತ್ತು ನಾನೂ ಅವನಿಗೆ ಬಯ್ಯಲಿಲ್ಲ. ಅಂಥ ಸರ್ಕಾರವೂ ಇರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಮರುದಿನದಿಂದ ಭಾವ ಅನಾಮಧೇಯನಾದ. ಅಂಚೆ ಪೆಟ್ಟಿಗೆಯ ಮೇಲಿನ ಶ್ರೋಕ್ ಎಂಬ ಹೆಸರನ್ನು ಉಜ್ಜಿ ತೆಗೆದ. ಕಪ್ಪು ಕನ್ನಡಕ ಹಾಕಿದ. ಅದು ಕಣ್ಣಿನ ಆಪರೇಷನ್ ಆದಾಗ ಅವನ ಅಮ್ಮನಿಗೆ ಆಸ್ಪತ್ರೆಯವರು ಕೊಟ್ಟದ್ದು, ಪಕ್ಕದಲ್ಲೂ ಮುಚ್ಚಿರುತ್ತದೆ. ಅದನ್ನು ಹಾಕಿಕೊಂಡು ಮೇವಿಸಳ ಹೋಟೆಲಿಗೆ ಹೋಗಿ ಯಾವಾಗಲೂ ಕೂರುವ ಸ್ಟೂಲಿನ ಮೇಲೆ ಕೂತ.

"ಏನು ವೆಂಡೆಲ್, ಕಣ್ಣು ಬಂದಿದ್ಯಾ?" ಅಂದಳು ಮೇವಿಸ್.

"ಹೆಸರು ಹಿಡಿದು ಕರೀಬೇಡ," ಅಂದ ವೆಂಡೆಲ್ ದನಿ ತಗ್ಗಿಸಿ. ಅವನು ದನಿ ತಗ್ಗಿಸಿದರೆ ಮೂಲೆಯ ಮೇಜಿನವರಿಗೂ ಸ್ಪಷ್ಟವಾಗಿ ಕೇಳುತ್ತದೆ. "ನಾನು ಈಗ ಅನಾಮಧೇಯ. ಯಾಕೆ ಅಂತ ಹೇಳೋ ಹಾಗಿಲ್ಲ. ನದಿಯಾಚೆ ರಾಜ್ಯಕ್ಕೂ ನನಗೂ ನಡುವಿನ ವಿಷಯ."

ಮೇವಿಸ್ ಕಾಫಿ ಪಾತ್ರೆ ಹಿಡಿದುಕೊಂಡು ಹಾಗೇ ನಿಂತಳು. ಆಮೇಲೆ ಅವಳು ಬಹಳ ಗೌರವದಿಂದ ಕೇಳಿದಳು. "ಹಾಗಾದ್ರೆ ಅನಾಮಧೇಯರಿಗೆ ಬಿಸಿ ರೂಬಾರ್ಬ್ ಪೈ ಒಂದು ತುಂಡು ಕೊಡ್ಲಾ?"

ಅಲ್ಲಿಂದ ಭಾವನ ತಲೆ ನಿಲ್ಲಲಿಲ್ಲ. ಐವತ್ತು ವರ್ಷ ವೆಂಡೆಲ್ ಆಗಿದ್ದಾಗ ಅವನಿಗೆ ಯಾರೂ ಕೇಳಿ ಒಂದು ತುಂಡು ಪೈ ಕೊಟ್ಟಿರಲಿಲ್ಲ.

ಭಾನುವಾರ ಇಗರ್ಜಿಯಲ್ಲಿ ಪಾದ್ರಿ ಎಂಗಲ್ ಪ್ರಾರ್ಥನೆ ಬೇಡಿದವರ ಹೆಸರು ಓದುತ್ತ ಬಂದರು. ಒಬ್ಬಳ ಮಂಡಿ, ಒಬ್ಬನ ಮೊಮ್ಮಗಳು, ಒಬ್ಬರ ಹಸು. ಕೊನೆಗೆ ಗಂಟಲು ಸರಿಮಾಡಿಕೊಂಡರು. "ನಮ್ಮ ನಡುವೆ ಒಬ್ಬ ಸಹೋದರ ಇದ್ದಾನೆ. ಅವನ ಹೆಸರು ಯಾರಿಗೂ ತಿಳಿಯಬಾರದು. ಅವನಿಗಾಗಿ ಬೇಡೋಣ." ಇಡೀ ಸಭೆ ಎದ್ದು ನಿಂತು ವೆಂಡೆಲ್ ಕಡೆ ತಿರುಗಿತು. ವೆಂಡೆಲ್ ಕನ್ನಡಕದೊಳಗಿಂದ ಎಲ್ಲರಿಗೂ ತಲೆ ಬಾಗಿಸಿದ. ಪಕ್ಕದಲ್ಲಿ ಆರ್ಲೀನ್ ಕೀರ್ತನೆ ಪುಸ್ತಕದಿಂದ ಮುಖ ಮುಚ್ಚಿಕೊಂಡಿದ್ದಳು. ಅವಳು ಅಳುತ್ತಿದ್ದಾಳೆ ಎಂದು ಹಿಂದಿನ ಸಾಲಿನವರು ತಿಳಿದರು. ಅವಳ ಹಲ್ಲು ಕಡಿಯುವ ಸದ್ದು ನನಗೆ ಕೇಳುತ್ತಿತ್ತು.

ಊರಿಗೆ ವಿಷಯ ಪೂರ್ತಿ ಗೊತ್ತಿರಲಿಲ್ಲ. ಆದರೆ ವೆಂಡೆಲನ ಹೆಸರನ್ನು ಕಾಯಬೇಕು ಎಂಬುದು ಗೊತ್ತಾಗಿತ್ತು, ಅದನ್ನು ನಮ್ಮೂರು ಗಟ್ಟಿಯಾಗಿ ಹಿಡಿದುಕೊಂಡಿತು. ಬಟ್ಟೆ ಥಾನು ತಂದ ಲಾರಿಯವನು ಶ್ರೋಕ್ ಮನೆ ಎಲ್ಲಿ ಎಂದು ಕೇಳಿದರೆ ಪೆಟ್ರೋಲ್ ಬಂಕಿನವನು ಆ ಹೆಸರೇ ಕೇಳಿಲ್ಲ ಅಂದ. ಕ್ಷೌರದವನೂ ಕೇಳಿಲ್ಲ ಅಂದ. ಪಾದ್ರಿ ಎಂಗಲ್ ಸುಳ್ಳು ಹೇಳುವ ಹಾಗಿರಲಿಲ್ಲ, ಆದ್ದರಿಂದ ಕಿವುಡನಂತೆ ನಟಿಸಿದರು. ಲಾರಿಯವನು ಊರನ್ನು ಸುತ್ತಿ ಸುತ್ತಿ ಸಾಕಾಗಿ ನನ್ನ ಅಂಗಡಿಯ ಮುಂದೆ ನಿಲ್ಲಿಸಿದ. "ಈ ಊರಲ್ಲಿ ಏನಾಗಿದೆ ಮಾರಾಯ?" ಅಂತ ಕೇಳಿದ. ನಾನು ಥಾನುಗಳನ್ನು ಇಳಿಸಿಕೊಂಡೆ. ಏನಾಗಿದೆ ಎಂದು ಹೇಳಲಿಲ್ಲ. ನನಗೆ ಸಿಟ್ಟು ಬಂದಿತ್ತು, ಆದರೂ ಹೇಳಲಿಲ್ಲ.

ಇಷ್ಟಾದರೂ ಕೆಟ್ಟಿರಲಿಲ್ಲ. ನದಿಯಾಚೆ ಯಾರಿಗೂ ಏನೂ ತಿಳಿದಿರಲಿಲ್ಲ. ಆದರೆ ಒಂದು ದಿನ ಬರ್ನಡೀನ್ ಮಾತಿನ ನಡುವೆ ಬಾಯಿತಪ್ಪಿ ಅಂದಳು. "ಆ ಕಡೆ ಈ ಕೆಲಸ ನೋಡೋರು ಟ್ರಿಂಬಲ್ ಮೇಡಂ ಅಂತ. ಒಳ್ಳೆ ಮನುಷ್ಯೆ. ಅವರ ಕಿಟಕಿ ಹತ್ರ ಯಾರೋ ನಿವೃತ್ತಿ ಆದವರು ಬಿಟ್ಟುಹೋದ ಸಿಮೆಂಟ್ ಹೆಬ್ಬಾತು ಇದೆಯಂತೆ. ಬರೀ ಮೈ."

ಅವತ್ತಿನಿಂದ ವೆಂಡೆಲನಿಗೆ ನಿದ್ದೆ ಹಿಡಿಯಲಿಲ್ಲ. ಇಷ್ಟು ಉಪಕಾರ ಮಾಡುವ ಹೆಂಗಸಿಗೆ ಒಂದು ಧನ್ಯವಾದ ಹೇಳಿಲ್ಲ. ಅವಳ ಹೆಬ್ಬಾತು ಕಿಟಕಿಯ ಗಾಳಿಯಲ್ಲಿ ನಿಂತಿದೆ. ನಮ್ಮ ಕಡೆಯವರು ಜೈಲಿಗೆ ಹೋದರೂ ಹೋದಾರು, ಧನ್ಯವಾದ ಹೇಳದೆ ಇರಲಾರರು. ಹಾಗೆ ಹೋದದ್ದು ಆ ಹಳದಿ ರೇನ್‌ಕೋಟು, ಅದರ ಜೊತೆಗೆ ಟೋಪಿ.

ಈಗ ಸೂಜಿದಿಂಬು ನನ್ನ ಹಣೆಗೆ ಬಿದ್ದ ಜಾಗಕ್ಕೆ ವಾಪಸು ಬರೋಣ.

"ಕ್ಲೀಟಸ್, ಟ್ರಕ್ ತೆಗಿ," ಅಂದಳು ಆರ್ಲೀನ್. "ಹೋಗಿ ಆ ಕೋಟು ತಗೊಂಡು ಬಾ. ಇವನನ್ನ ಇಲ್ಲಿ ಬಿಟ್ಟುಹೋದ್ರೆ ಗವರ್ನರಿಗೂ ಒಂದು ಶಾಲು ಕಳಿಸಿರ್ತಾನೆ. ಜೊತೇಲೆ ಕರ್ಕೊಂಡು ಹೋಗು, ಆದ್ರೆ ಟ್ರಕ್ಕಿಂದ ಇಳಿಸಬೇಡ."

ಸೇತುವೆ ದಾಟುವಾಗ ವೆಂಡೆಲ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ನಾನು ಅವನಿಗೆ ದಾರಿಯುದ್ದಕ್ಕೂ ಬೈದೆ. ಅವನ ಅಮ್ಮನಿಗೂ ಆ ಕನ್ನಡಕಕ್ಕೂ ಪೆನ್ಸಿಲ್ವೇನಿಯಾದ ಚಿಕ್ಕಪ್ಪನಿಗೂ ಬೈದೆ. ಅವನು ಎಲ್ಲಕ್ಕೂ ಹೌದು ಹೌದು ಅಂದ. ಆಫೀಸಿನ ಮುಂದೆ ಟ್ರಕ್ ನಿಲ್ಲಿಸಿ ನಾನು ಬೆರಳು ತೋರಿಸಿ ಹೇಳಿದೆ. "ಇಲ್ಲೇ ಕೂತಿರು. ಯಾರು ಏನೇ ಕೇಳಿದ್ರೂ ಬಾಯಿ ತೆರೀಬೇಡ."

"ನಮಸ್ಕಾರ ಅಂದ್ರೆ?"

"ನಮಸ್ಕಾರ ಅಂದ್ರೂ."

ಅವನ ಮುಖ ಬಾಡಿಹೋಯಿತು.

ಬಾಗಿಲಲ್ಲಿ ದಪ್ಪ ಮೀಸೆಯ ಕಾವಲುಗಾರ ಪುಸ್ತಕ ತಳ್ಳಿದ. ನಾನು ನನ್ನ ಹೆಸರು ಬರೆದೆ. ನನ್ನದು ಬೇರೆ ಮನೆತನದ ಹೆಸರು, ಅದರಿಂದ ಯಾರಿಗೂ ಏನೂ ತಿಳಿಯುವ ಹಾಗಿರಲಿಲ್ಲ. ಮೂರನೇ ಮಹಡಿಗೆ ಹೋದೆ.

ಹೋಗುತ್ತಲೇ ಕಂಡದ್ದು ಹೆಬ್ಬಾತು. ಕಿಟಕಿಯ ಬಳಿ, ಹಳದಿ ರೇನ್‌ಕೋಟು ಹಾಕಿಕೊಂಡು, ಟೋಪಿಯ ದಾರ ಗದ್ದದ ಕೆಳಗೆ ಕಟ್ಟಿಸಿಕೊಂಡು ನಿಂತಿತ್ತು. ಸುತ್ತ ಅರ್ಧ ಕಚೇರಿ ನೆರೆದಿತ್ತು. ಒಬ್ಬ ಹೆಂಗಸು ಮಂಡಿಯೂರಿ ಅಂಚಿನ ಹೊಲಿಗೆ ನೋಡುತ್ತಿದ್ದಳು. "ಎಷ್ಟು ಸಣ್ಣ ಹೊಲಿಗೆ ನೋಡ್ರೇ. ನಮ್ಮಮ್ಮನ ಹೆಬ್ಬಾತಿಗೂ ಇಂಥದ್ದೇ ಬೇಕು. ಎಲ್ಲಿ ಸಿಗುತ್ತೋ."

"ಕಾಲರಲ್ಲಿ ಅಂಗಡಿ ಹೆಸರು ಇರುತ್ತೆ ತಡಿ," ಅಂದ ಒಬ್ಬ ಟೈ ಕಟ್ಟಿದ ಹುಡುಗ, ಕೈ ಚಾಚಿದ.

ಅಕ್ಕನ ಶೆಡ್ಡು, ಮನೆ, ಹೊಲಿಯುವ ಹೆಂಗಸರು, ಎಲ್ಲ ಆ ಹುಡುಗನ ಎರಡು ಬೆರಳಿನ ನಡುವೆ ಬಂದಿದ್ದವು.

ಚಟಾರ್ ಎಂದು ಸದ್ದಾಯಿತು. ಬಿಳಿಗೂದಲಿನ, ಕುಳ್ಳಗೆ, ಗಟ್ಟಿಮುಟ್ಟಾದ ಒಬ್ಬ ಹೆಂಗಸು ಅಡಿಕೋಲಿನಿಂದ ಆ ಕೈಯ ಮೇಲೆ ಹೊಡೆದಿದ್ದಳು.

"ಕೈ ತೆಗಿ, ಜೆರಾಲ್ಡ್. ಕಡತ ಮುಗಿಯೋವರೆಗೆ ಈ ಹೆಬ್ಬಾತಿನ ಕಾಲರು ಎತ್ತೋ ಹಾಗಿಲ್ಲ ಅಂತ ಬೆಳಗ್ಗೆಯೇ ಹೇಳಿದೀನಿ. ಎಲ್ಲರೂ ನಿಮ್ಮ ನಿಮ್ಮ ಜಾಗಕ್ಕೆ ಹೋಗಿ."

ಎಲ್ಲರೂ ಹೋದರು. ಅವಳು ನನ್ನ ಕಡೆ ತಿರುಗಿದಳು. "ನಾನು ಓಪಲ್ ಟ್ರಿಂಬಲ್. ಏನಾಗಬೇಕಿತ್ತು?"

ನನಗೆ ಸುಳ್ಳು ಬರುವುದಿಲ್ಲ. ಬಂದದ್ದನ್ನು ಹೇಳಿದೆ. "ಒಂದು ಡಬ್ಬಿ ತಪ್ಪಿ ಇಲ್ಲಿಗೆ ಬಂದಿರಬಹುದು, ಮೇಡಂ."

"ಯಾರು ಕಳಿಸಿದ್ದು?"

"ಯಾರೂ ಅಲ್ಲ."

"ಹೌದು, ಯಾರೂ ಕಳಿಸದ ಡಬ್ಬಿ ಒಂದು ಬಂದಿದೆ," ಅಂದಳು ಟ್ರಿಂಬಲ್ ಮೇಡಂ. "ಯಾರೂ ಕೇಳಿಕೊಂಡು ಬರೋ ಹಾಗಿಲ್ಲ. ಯಾರೂ ಕಳಿಸದ್ದನ್ನ ನಾನು ವಾಪಸು ಯಾರಿಗೆ ಕೊಡ್ಲಿ? ಕಳೆದುಹೋದ ವಸ್ತುಗಳ ಕಪಾಟಲ್ಲಿ ಇಟ್ಟಿದ್ದೆ. ಮಡಿಕೆ ಬೀಳ್ತಿತ್ತು. ಅದಕ್ಕೆ ಹೆಬ್ಬಾತಿನ ಮೇಲೆ ಇಟ್ಟಿದೀನಿ."

ನನಗೆ ಸಿಟ್ಟು ಬಂತು. "ಮೇಡಂ, ಬಿಡಿಸಿ ಕೇಳ್ತೀನಿ. ಒಂದು ಸಲ ಕಾಲರು ಎತ್ತಿದ್ರೆ ನಿಮ್ಮ ಕೆಲಸ ಮುಗೀತಲ್ಲ. ಯಾಕೆ ಎತ್ತಲಿಲ್ಲ?"

ಅವಳು ಅಡಿಕೋಲನ್ನು ಮೇಜಿನ ಮೇಲೆ ನೇರವಾಗಿ ಇಟ್ಟಳು. ನನ್ನ ಜೊತೆ ಮಾತಾಡಲಿಲ್ಲ. ಹೆಬ್ಬಾತಿನ ಜೊತೆ ಮಾತಾಡಿದಳು.

"ನಾನು ನೋಡಿದ್ರೆ ನಾನು ಹಿಡಿದ ಹಾಗೆ. ಅವನು ಬಂದ ಹಾಗಲ್ಲ. ಬಂದವನಿಗೆ ಒಂದು ಕಾನೂನು, ಸಿಕ್ಕಿಬಿದ್ದವನಿಗೆ ಇನ್ನೊಂದು. ಎಲ್ಲೋ ಒಬ್ಬ ಬಟ್ಟೆ ವ್ಯಾಪಾರಿ ನನ್ನ ಕಡೆ ನಡ್ಕೊಂಡು ಬರ್ತಾ ಇದಾನೆ. ಯಾರೂ ಕರೆದಿಲ್ಲ, ಯಾರೂ ಅಟ್ಟಿಸಿಕೊಂಡು ಹೋಗಿಲ್ಲ, ಅವನಾಗೇ ಬರ್ತಾ ಇದಾನೆ. ಈ ಕುರ್ಚಿ ಮೇಲೆ ಕೂತು ಇಷ್ಟು ವರ್ಷ ಆಯ್ತು, ಅದನ್ನ ನೋಡಿದಾಗೆಲ್ಲ ಮೈ ಜುಂ ಅನ್ನುತ್ತೆ ನನಗೆ. ಬಾಗಿಲ ತನಕ ಬಂದವನ ಕಾಲರು ಹಿಡಿದು ಎಳೆಯೋದು ಬೇಡ ಅಂತ. ಅವನ ಕಡೆಯವರಿಗೆ ಒಪ್ಪಂದದ ಕಾಗದ ಬೆಳಗ್ಗೆ ಹೋಗಿದೆ. ಶುಕ್ರವಾರದೊಳಗೆ ಹೆಸರು ಬರೆದು ಸಹಿ ಮಾಡಿದ್ರೆ ಮುಗೀತು. ಆಮೇಲೆ ಈ ಕಾಲರು ಯಾರು ಬೇಕಾದ್ರೂ ಎತ್ತಲಿ."

ನಾನು ಟೋಪಿ ತೆಗೆದೆ. ನಾನು ಇಗರ್ಜಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಟೋಪಿ ತೆಗೆಯುವವನಲ್ಲ.

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ವೆಂಡೆಲ್ ನಿಂತಿದ್ದ. ಕಪ್ಪು ಕನ್ನಡಕ, ಎದೆಗೆ ಒತ್ತಿದ ಟೋಪಿ.

ಕಾವಲುಗಾರ ಇವನನ್ನು ಹೇಗೆ ಬಿಟ್ಟ ಎಂಬುದು ಆಮೇಲೆ ತಿಳಿಯಿತು. ಪುಸ್ತಕ ತಳ್ಳಿ ಹೆಸರು ಬರಿ ಅಂದನಂತೆ. ಇವನು "ಅದನ್ನ ಬರೆಯೋ ಹಾಗಿಲ್ಲ" ಅಂದನಂತೆ. ಕಾವಲುಗಾರ ಎದ್ದು ನಿಂತು "ಓ, ನೀವಾ?" ಅಂದು ಪುಸ್ತಕ ಮುಚ್ಚಿದನಂತೆ. "ಮೂರನೇ ಮಹಡಿ. ಹೋಗಿ ಸಾರ್, ನಾನು ಈ ಕಡೆ ನೋಡ್ತಿರ್ತೀನಿ."

"ಧನ್ಯವಾದ ಹೇಳದೆ ಹೋಗೋಕೆ ಮನಸ್ಸು ಬರಲಿಲ್ಲ," ಅಂದ ವೆಂಡೆಲ್.

ನಾನು ಓಡಿಹೋಗಿ ಅವನ ಬಾಯಿ ಮುಚ್ಚಬೇಕಾಗಿತ್ತು. ಆದರೆ ಅದಕ್ಕೆ ಮೊದಲು ಟ್ರಿಂಬಲ್ ಮೇಡಂ ಕೈ ಎತ್ತಿದಳು. "ಎಲ್ಲರೂ ಎದ್ದೇಳಿ," ಅಂದಳು. "ಗೋಡೆ ಕಡೆ ತಿರುಗಿ."

ಇಡೀ ಮಹಡಿ ಎದ್ದು ನಿಂತಿತು. ಗುಮಾಸ್ತರು, ಬೆರಳಚ್ಚಿನವರು, ತಪಾಸಣೆಯವರು, ಜೆರಾಲ್ಡ್. ಎಲ್ಲರೂ ಗೋಡೆಯ ಕಡೆ ಮುಖ ಮಾಡಿದರು. ಟ್ರಿಂಬಲ್ ಮೇಡಂ ಕಡೆಯವಳಾಗಿ ತಿರುಗಿದಳು. ಒಂದು ರಾಜ್ಯದ ಖಜಾನೆ ಕಾಯುವ ಜನ ನನ್ನ ಭಾವನ ಮುಂದೆ ಬೆನ್ನು ಮಾಡಿ ನಿಂತರು, ಅವನ ಮುಖ ಕಾಣಬಾರದು ಎಂದು. ಹೆಬ್ಬಾತು ಮಾತ್ರ ಅವನನ್ನು ನೋಡುತ್ತಿತ್ತು.

ವೆಂಡೆಲ್ ಕನ್ನಡಕ ತೆಗೆದ. ಕಣ್ಣು ಒದ್ದೆಯಾಗಿತ್ತು. ಆ ಬೆನ್ನುಗಳಿಗೆ ಒಂದು ಭಾಷಣ ಮಾಡಿದ. ತನಗೆ ಗೊತ್ತಿರಲಿಲ್ಲ ಎಂದು, ಗೊತ್ತಿದ್ದರೆ ಕಟ್ಟುತ್ತಿದ್ದೆ ಎಂದು, ತನ್ನ ಹೆಂಡತಿ ಹೊಲಿಯುವುದನ್ನು ಬಿಟ್ಟರೆ ಮನೆಯಲ್ಲಿ ಬೇರೆ ಏನೂ ಇಲ್ಲ ಎಂದು, ಇಂಥ ಮರ್ಯಾದೆ ತನ್ನ ತಂದೆಯೂ ಕಂಡಿರಲಿಲ್ಲ ಎಂದು. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಕಡೆಯವರು ಮಾತು ಮುಗಿಸುವುದು ಕೈ ಚಾಚಿ ಹೆಸರು ಹೇಳಿ. ಅವನು ಟ್ರಿಂಬಲ್ ಮೇಡಂ ಬೆನ್ನಿಗೆ ಕೈ ಚಾಚಿದ.

"ಅಂದಹಾಗೆ, ನನ್ನ ಹೆಸರು..."

"ಜೆರಾಲ್ಡ್," ಅಂದಳು ಟ್ರಿಂಬಲ್ ಮೇಡಂ, ತಿರುಗದೆ.

ಜೆರಾಲ್ಡ್ ಪಕ್ಕದಲ್ಲಿದ್ದ ಕಾಗದ ಚೂರು ಮಾಡುವ ಯಂತ್ರದ ಗುಂಡಿ ಒತ್ತಿ, ಕೈಗೆ ಸಿಕ್ಕಿದ ಕಟ್ಟನ್ನು ಅದರ ಬಾಯಿಗೆ ತುರುಕಿದ. ಯಂತ್ರ ಅರಚಿತು. ಆ ಗದ್ದಲದೊಳಗೆ ನನ್ನ ಭಾವ ತನ್ನ ಹೆಸರನ್ನು, ನಡುಹೆಸರನ್ನು, ಮನೆತನವನ್ನು, ಊರನ್ನು, ಬೀದಿಯನ್ನು ನಿಧಾನವಾಗಿ, ಸ್ಪಷ್ಟವಾಗಿ, ವಿನಯದಿಂದ ಹೇಳಿದ. ಒಂದು ಅಕ್ಷರವೂ ಯಾರ ಕಿವಿಗೂ ಬೀಳಲಿಲ್ಲ. ನಾನು ಅವನ ಕಾಲರು ಹಿಡಿದು ಲಿಫ್ಟಿಗೆ ಎಳೆದುಕೊಂಡು ಹೋದೆ. ಆ ಅಧಿಕಾರ ನನಗಿತ್ತು.

ವಾಪಸು ಬರುವಾಗ ನಾನು ಬೈಯಲಿಲ್ಲ. ಸೇತುವೆಯ ಮೇಲೆ ನಾನೂ ಟೋಪಿ ತೆಗೆದುಕೊಂಡೇ ಓಡಿಸಿದೆ.

ಇಷ್ಟಕ್ಕೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ, ಯಾಕೆಂದರೆ ನಡುವೆ ವೆಂಡೆಲ್ ಇದ್ದ. ಬರ್ನಡೀನ್ ಒಪ್ಪಂದದ ಕಾಗದ ತಂದು ಅಡುಗೆಮನೆಯ ಮೇಜಿನ ಮೇಲೆ ಇಟ್ಟಳು. ಕೇಳಿದ ಮೊತ್ತ ಆರ್ಲೀನ್ ಒಂದು ಚಳಿಗಾಲ ಹೊಲಿದರೆ ತೀರುವಷ್ಟಿತ್ತು. ದಂಡ ಇರಲಿಲ್ಲ. ಆರ್ಲೀನ್ ಏಪ್ರನ್ನಿನ ಅಂಚಿನಿಂದ ಕಣ್ಣು ಒರೆಸಿಕೊಂಡಳು. ವೆಂಡೆಲ್ ಪೆನ್ನು ಹಿಡಿದ. ಹಿಡಿದವನು ಹಿಡಿದೇ ಇದ್ದ.

"ಆಗಲ್ಲ," ಅಂದ.

"ಏನು ಆಗಲ್ಲ?"

"ಅವರು ಬೆನ್ನು ತಿರುಗಿಸಿ ನಿಂತಿದ್ದು ಯಾರಿಗೆ? ಅನಾಮಧೇಯನಿಗೆ. ಇಲ್ಲಿ ಹೆಸರು ಬರೆದ್ರೆ ಅವರು ತಿರುಗಿ ನೋಡ್ತಾರೆ. ನೋಡಿದ್ರೆ ಯಾರಿರ್ತಾರೆ? ನಾನಿರ್ತೀನಿ."

ಬರ್ನಡೀನ್ ಕನ್ನಡಕ ಮೇಲೆತ್ತಿದಳು. "ವೆಂಡೆಲ್, ನಾಳೆ ಶುಕ್ರವಾರ. ನಾಳೆ ದಾಟಿದ್ರೆ ಈ ಕಾಗದ ರದ್ದಿ."

ನಾನು ಮೇಜು ಗುದ್ದಿ ಕೂಗಾಡಿದೆ. ಸಕ್ಕರೆ ಡಬ್ಬಿ ಉರುಳಿತು. ಅವನು ಅಲುಗಾಡಲಿಲ್ಲ. ಆರ್ಲೀನ್ ಕೂಗಲಿಲ್ಲ. ಕಣ್ಣು ಒರೆಸಿಕೊಂಡು, ಚೆಲ್ಲಿದ ಸಕ್ಕರೆಯನ್ನು ಅಂಗೈಗೆ ಬಳಿದುಕೊಳ್ಳುತ್ತ ಸಾವಧಾನವಾಗಿ ಹೇಳಿದಳು.

"ಅವರು ಇನ್ನೂ ನಿಂತೇ ಇರ್ತಾರೆ, ಗೊತ್ತಾ?"

"ಯಾರು?"

"ಆ ಆಫೀಸಿನೋರು. ಗೋಡೆ ಕಡೆ ಮುಖ ಮಾಡ್ಕೊಂಡು. ನಿನ್ನ ಹೆಸರು ಹೋಗಿ ಮುಟ್ಟೋವರೆಗೆ ತಿರುಗೋ ಹಾಗಿಲ್ಲ ಅವರು. ಆ ಟ್ರಿಂಬಲ್ ಮೇಡಂಗೆ ವಯಸ್ಸಾಗಿದೆ. ಕಾಲು ನೋವು ಬಂದಿರುತ್ತೆ. ನೀನು ಇಲ್ಲಿ ಕಾಫಿ ಕುಡೀತಾ ಕೂತ್ಕೋ."

ವೆಂಡೆಲನ ಮುಖ ಬಿಳಿಚಿತು. ಹೆಂಗಸರನ್ನು ನಿಲ್ಲಿಸಿ ತಾನು ಕೂತ ಅಪವಾದ ಅವನಿಗೆ ಈ ಜನ್ಮದಲ್ಲಿ ಬಂದಿರಲಿಲ್ಲ. ಎದ್ದು ನಿಂತು, ನಿಂತೇ ಸಹಿ ಮಾಡಿದ. ಎಲ್ಲಿ ಹೇಳಿದ್ದರೋ ಅಲ್ಲೆಲ್ಲ ಮಾಡಿದ, ಹೇಳದ ಕಡೆಯೂ ಮಾಡಿದ. "ಬೇಗ ಕಳಿಸಿ," ಅಂದ. "ಫೋನಲ್ಲೇ ಹೇಳಿಬಿಡಿ ಅವರಿಗೆ, ಕೂತ್ಕೊಳ್ಳಿ ಅಂತ."

ಬರ್ನಡೀನ್ ನನ್ನ ಅಕ್ಕನನ್ನು ಬಹಳ ಹೊತ್ತು ನೋಡಿ, ಕಾಗದ ಎತ್ತಿಕೊಂಡು ಹೋದಳು. ಮನೆ ಉಳಿಯಿತು. ಶೆಡ್ಡು ಉಳಿಯಿತು. ಸಂಜೆ ಹೊಲಿಗೆ ಯಂತ್ರಗಳು ಓಡುವ ಸದ್ದು ನನ್ನ ಅಂಗಡಿಯವರೆಗೂ ಕೇಳಿತು.

ಆದರೆ ಒಂದು ಕೆಲಸವನ್ನು ವೆಂಡೆಲ್ ಮಾಡಲಿಲ್ಲ. ವಿಷಯ ಮುಗಿಯಿತು ಎಂದು ಊರಿಗೆ ಹೇಳಲಿಲ್ಲ. ಕನ್ನಡಕ ತೆಗೆಯಲಿಲ್ಲ. ಮೇವಿಸ್ ಅನಾಮಧೇಯರಿಗೆ ಪೈ ಕೊಡುವುದನ್ನು ಮುಂದುವರಿಸಿದಳು, ಪಾದ್ರಿ ಪ್ರಾರ್ಥಿಸುವುದನ್ನು ಮುಂದುವರಿಸಿದರು. ಹೇಳಿಬಿಡು ಮಾರಾಯ ಎಂದು ನಾನು ಗದರಿದರೆ "ಮುಂದಿನ ವಾರ" ಅನ್ನುತ್ತಿದ್ದ.

ಒಂದು ಶನಿವಾರ ನಾವಿಬ್ಬರೂ ಮೇವಿಸಳ ಹೋಟೆಲಿನಲ್ಲಿ ಕೂತಿದ್ದೆವು. ಹೊರಗೆ ಹಳೆಯ ನೀಲಿ ಕಾರೊಂದು ನಿಂತಿತು. ಮುಂದಿನ ಸೀಟಿನಲ್ಲಿ ಹಳದಿ ರೇನ್‌ಕೋಟಿನ ಸಿಮೆಂಟ್ ಹೆಬ್ಬಾತು, ಅದಕ್ಕೆ ಸೀಟ್‌ಬೆಲ್ಟು. ಟ್ರಿಂಬಲ್ ಮೇಡಂ ಕೈಚೀಲ ಹಿಡಿದು ಒಳಗೆ ಬಂದಳು. ನಾನು ಮೂಲೆಯ ಕಿಟಕಿಯ ಬಳಿ ಬಾಗಿಲಿಗೆ ಬೆನ್ನಾಗಿ ಕೂತಿದ್ದೆ. ನನ್ನನ್ನು ಅವಳು ಗಮನಿಸಲಿಲ್ಲ. ವೆಂಡೆಲನ ಮುಖವನ್ನು ಅವಳು ಯಾವತ್ತೂ ನೋಡಿರಲಿಲ್ಲ.

"ಇಲ್ಲಿ ವೆಂಡೆಲ್ ಶ್ರೋಕ್ ಅನ್ನೋರ ಮನೆ ಎಲ್ಲಿ?" ಎಂದು ಕೇಳಿದಳು.

ಫೋರ್ಕುಗಳು ನಿಂತವು.

"ಆ ಹೆಸರಿನೋರು ಈ ಊರಲ್ಲಿ ಇಲ್ಲಮ್ಮ," ಅಂದಳು ಮೇವಿಸ್.

"ಕೇಳೇ ಇಲ್ಲ," ಅಂದ ಪೆಟ್ರೋಲ್ ಬಂಕಿನವನು.

ಪಾದ್ರಿ ಎಂಗಲ್ ಕಿವಿಗೆ ಕೈ ಹಚ್ಚಿ "ಆಂ?" ಅಂದರು.

"ವಿಚಿತ್ರ," ಅಂದಳು ಟ್ರಿಂಬಲ್ ಮೇಡಂ, ವೆಂಡೆಲನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತ. "ನಮ್ಮಂಥವರು ಉಡುಗೊರೆ ಇಟ್ಕೊಳ್ಳೋ ಹಾಗಿಲ್ಲ. ಕೊಟ್ಟವರ ಹೆಸರು ಗೊತ್ತಿಲ್ಲದಾಗ ಅದನ್ನ ಉಡುಗೊರೆ ಅನ್ನೋಕೂ ಬರ್ತಿರಲಿಲ್ಲ. ಈಗ ಹೆಸರು ಗೊತ್ತಾಗಿದೆ. ಅದಕ್ಕೇ ಬೆಲೆ ಕೊಡೋಣ ಅಂತ ಬಂದೆ. ಅವರನ್ನ ಒಂದು ಸಲ ನೋಡಬೇಕು ಅಂತಾನೂ ಇತ್ತು." ಪಕ್ಕಕ್ಕೆ ತಿರುಗಿದಳು. "ನಿಮಗೆ ಗೊತ್ತಾ ಅವರು?"

ವೆಂಡೆಲನ ಬಾಯಿಯಲ್ಲಿ ಪೈ ಇತ್ತು. ನುಂಗಿದ. ಬೆದರಿ, ಅಭ್ಯಾಸದಿಂದ, "ಅಂಥವರನ್ನ ನಾನು ಕಂಡಿಲ್ಲಮ್ಮ," ಅಂದುಬಿಟ್ಟ.

ಆ ದನಿ ಕೇಳಿ ಟ್ರಿಂಬಲ್ ಮೇಡಂ ತಲೆ ಸ್ವಲ್ಪ ವಾಲಿಸಿದಳು. ಅವನ ಮುಖ ನೋಡಲಿಲ್ಲ. ಸ್ಟೂಲನ್ನು ತಿರುಗಿಸಿ, ಅವನಿಗೆ ಬೆನ್ನು ಮಾಡಿ, ಪೈ ಇಡುವ ಗಾಜಿನ ಬೀರುವನ್ನು ನೋಡುತ್ತ ಕೂತಳು. ಕಾದಳು.

ವೆಂಡೆಲ್ ಆ ಬೆನ್ನನ್ನು ಗುರುತಿಸಿದ. ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟ. ಟೋಪಿ ಎದೆಗೆ ಹೋಯಿತು. ಎದ್ದು ನಿಂತು ಕೈ ಚಾಚಿದ.

"ಮೇಡಂ, ನನ್ನ ಹೆಸರು..."

ಮೇವಿಸ್ ಮಿಲ್ಕ್‌ಶೇಕ್ ಯಂತ್ರದ ಗುಂಡಿ ಒತ್ತಿದಳು. ಪೆಟ್ರೋಲ್ ಬಂಕಿನವನು ತಟ್ಟೆಗೆ ಚಮಚ ಬಡಿದ. ಕ್ಷೌರದವನು ಕೆಮ್ಮಲು ಶುರು ಮಾಡಿದ. ಪಾದ್ರಿ ಎಂಗಲ್ ಕೀರ್ತನೆ ಎತ್ತಿದರು, ಇಡೀ ಹೋಟೆಲು ದನಿ ಸೇರಿಸಿತು. ನನ್ನ ಭಾವ ತನ್ನ ಹೆಸರನ್ನು ಕೂಗಿದ. ಕುತ್ತಿಗೆಯ ನರ ಉಬ್ಬುವಂತೆ ಕೂಗಿದ. ಅವನು ಕೂಗಿದಷ್ಟೂ ಊರು ಅವನನ್ನು ಕಾಪಾಡಿತು.

ಟ್ರಿಂಬಲ್ ಮೇಡಂ ಗಾಜಿನಲ್ಲಿ ಮೂಡಿದ ಅವರೆಲ್ಲರ ಪ್ರತಿಬಿಂಬವನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಇಗರ್ಜಿಗೆ ಮೊದಲ ಸಲ ಬಂದ ಮಗುವಿನ ಬೆರಗಿತ್ತು. ಎದ್ದಳು. ಕೈಚೀಲದಿಂದ ರೇನ್‌ಕೋಟಿನ ಬೆಲೆ ತೆಗೆದು ವೆಂಡೆಲನ ಪೈ ತಟ್ಟೆಯ ಪಕ್ಕದಲ್ಲಿ ಇಟ್ಟಳು. ಅದರ ಮೇಲೆ ತನ್ನ ರಾಜ್ಯದ ತೆರಿಗೆಯ ಚಿಲ್ಲರೆಯನ್ನು ಬೇರೆಯಾಗಿ ಜೋಡಿಸಿಟ್ಟು ಒಂದು ಸಲ ಬೆರಳಿನಿಂದ ತಟ್ಟಿದಳು. ಚಾಚಿದ ಅವನ ಕೈಯನ್ನು, ಆಚೆಗೆ ನೋಡುತ್ತಲೇ, ಹಿಡಿದು ಕುಲುಕಿದಳು. ಬಾಗಿಲು ತೆರೆದು ಹೊರಟಳು.

ಮೇವಿಸ್ ಯಂತ್ರ ನಿಲ್ಲಿಸಿದಾಗ ಕಾರು ಸೇತುವೆಯ ತಿರುವಿನಲ್ಲಿತ್ತು, ಹೆಬ್ಬಾತಿನ ಹಳದಿ ಟೋಪಿ ಹಿಂದಿನ ಗಾಜಿನಲ್ಲಿ ಕಾಣುತ್ತಿತ್ತು. "ವೆಂಡೆಲ್ ಶ್ರೋಕ್," ಅಂದ ನನ್ನ ಭಾವ, ಖಾಲಿ ಬಾಗಿಲಿಗೆ. ಎಲ್ಲರಿಗೂ ಕೇಳಿತು. ಅವಳು ಮತ್ತೆ ಈ ದಡಕ್ಕೆ ಬರಲಿಲ್ಲ.